ಸೈಟು ಕಲ್ಲುಗಳ ನಡುವಿನ ಸೋಯಾ

ಹೋದ ವಾರ ಮೇಟಗಳ್ಳಿಯ ನಮ್ಮ ವರ್ಕ್‌ಶಾಪಿನಲ್ಲಿ ಯಾರೋ ನೀಲಿ ಎನಾಮಲ್ ಬಣ್ಣದ ಡಬ್ಬದ ಮುಚ್ಚಳ ತೆಗೆದರು. ಮಳೆ ಕಟ್ಟಿಕೊಂಡಿದ್ದ ಮಧ್ಯಾಹ್ನ, ಗಾಳಿ ಆಡುತ್ತಿರಲಿಲ್ಲ. ವಾಸನೆ ಶೆಡ್ಡಿನೊಳಗೇ ನಿಂತುಬಿಟ್ಟಿತು. ಬೇರಿಂಗಿಗೆ ಗ್ರೀಸ್ ತುಂಬುತ್ತಿದ್ದ ನನ್ನ ಕೈಯೂ ನಿಂತಿತು. ಬೇರೆಯವರಿಗೆ ಆ ವಾಸನೆಯಿಂದ ಹೊಸ ಗೇಟೋ ಹೊಸ ಕಿಟಕಿಯೋ ನೆನಪಾಗಬಹುದು. ನನಗೆ ನೆನಪಾಗುವುದು ಒಣಗಿ ಕಂದುಬಣ್ಣವಾದ ಸೋಯಾ ಗಿಡಗಳ ಒಂದು ಹೊಲ, ಅದರ ನಡುವೆ ಸಾಲಾಗಿ ನಿಂತ ಸೈಟು ಕಲ್ಲುಗಳು, ಅಂಗೈ ತುಂಬ ಕಾಳು ಹಿಡಿದು ಹುಬ್ಬು ಗಂಟಿಕ್ಕಿ ನಿಂತ ನನ್ನ ಸೋದರತ್ತೆ.

ಅದು ಎರಡು ವರ್ಷದ ಹಿಂದಿನ ದಸರೆಯ ಹೊತ್ತು. ನಾನು ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಈ ವರ್ಕ್‌ಶಾಪಿಗೆ ಸೇರಿ ಒಂದು ಮಳೆಗಾಲವಷ್ಟೇ ಕಳೆದಿತ್ತು. ಇಲ್ಲಿಗೆ ರಿಪೇರಿಗೆ ಬರುವುದು ಹೆಚ್ಚಾಗಿ ಭತ್ತ ಕೊಯ್ಯುವ ಕಂಬೈನ್‌ಗಳು. ಮುಂದೆ ಅಗಲವಾದ ಕತ್ತರಿ ಬಾಯಿ, ಹೊಟ್ಟೆಯೊಳಗೆ ತೆನೆ ಬಡಿಯುವ ಡ್ರಮ್ಮು, ಅದರ ಹಿಂದೆ ಜರಡಿ, ಜರಡಿಯ ಕೆಳಗೆ ಹೊಟ್ಟು ಹಾರಿಸುವ ಫ್ಯಾನು. ಬೆಳೆಯೊಳಗೆ ನಡೆದುಕೊಂಡು ಹೋದರೆ ಕಾಳು ಮೇಲಿನ ತೊಟ್ಟಿಗೆ ಬೀಳುತ್ತದೆ, ಹುಲ್ಲು ಹಿಂದಕ್ಕೆ ಉದುರುತ್ತದೆ. ಬಾಡಿಗೆಗೆಂದು ವರ್ಕ್‌ಶಾಪಿನದೇ ಒಂದು ಹಳೆಯ ಕಂಬೈನ್ ಇತ್ತು. ಓಡಿಸುತ್ತಿದ್ದವರು ಮಾದೇವಣ್ಣ. ತಿ. ನರಸೀಪುರದ ಕಡೆಯವರು, ಭತ್ತದ ಗದ್ದೆಯಲ್ಲೇ ಪಳಗಿದವರು, ಯಂತ್ರದ ಮೇಲೆ ಹತ್ತುವ ಮುಂಚೆ ಚಪ್ಪಲಿ ಬಿಡುವವರು.

ನನಗೆ ಶಾಲೆಯ ದಿನಗಳಿಂದ ಡೈರಿ ಬರೆಯುವ ಅಭ್ಯಾಸ. ಭಾವನೆಗಳನ್ನೇನೂ ಬರೆಯುವುದಿಲ್ಲ. ತಾರೀಖು, ಬಿಸಿಲೋ ಮೋಡವೋ, ಆ ದಿನ ಮಾಡಿದ ಕೆಲಸ, ಎಣಿಸುವಂಥದ್ದು ಏನಾದರೂ ಇದ್ದರೆ ಅದರ ಲೆಕ್ಕ. ಮನೆಯಲ್ಲಿ ನನ್ನನ್ನು ಶಾನುಭೋಗರು ಎಂದು ಆಡಿಕೊಳ್ಳುತ್ತಾರೆ. ಆ ವರ್ಷದ ಡೈರಿಯಲ್ಲಿ ವಿಜಯದಶಮಿಯ ನಂತರದ ಪುಟಗಳಲ್ಲಿ ಮಾತ್ರ ಗ್ರೀಸಿನ ಬೆರಳಚ್ಚು ಇದೆ.

ಸೋದರತ್ತೆ ಪುಟ್ಟತಾಯಮ್ಮನವರದು ಹಿನಕಲ್. ಅವರ ಸ್ವಂತ ಹೊಲ ನಾನು ಹುಟ್ಟುವ ಮೊದಲೇ ಮನೆ, ಕಲ್ಯಾಣ ಮಂಟಪ, ಬೇಕರಿ ಆಗಿತ್ತು. ಅದಕ್ಕಾಗಿ ಅವರು ಕಣ್ಣೀರು ಹಾಕಿದ್ದನ್ನು ನಾನು ಕಂಡಿಲ್ಲ. ಪ್ರತಿ ವರ್ಷ ಎಲ್ಲಾದರೂ ಖಾಲಿ ಬಿದ್ದ ಜಮೀನು ಗುತ್ತಿಗೆಗೆ ಹಿಡಿದು ಬೇಸಾಯ ಮಾಡುತ್ತಿದ್ದರು. ಊರು ಪಡುವಣಕ್ಕೆ ಒಂದು ಹೆಜ್ಜೆ ಬಂದರೆ ಅತ್ತೆ ಎರಡು ಹೆಜ್ಜೆ ಮುಂದಕ್ಕೆ ಹೋಗುತ್ತಿದ್ದರು. ಆ ವರ್ಷ ಅವರು ಇಲವಾಲ ದಾಟಿದ್ದರು. ಅಲ್ಲೊಂದು ಕಡೆ ಲೇಔಟಿಗೆಂದು ಜಮೀನು ಅಳೆದು, ಪ್ರತಿ ಸೈಟಿನ ಮೂಲೆಗೂ ಕಲ್ಲು ನೆಟ್ಟು, ನಂಬರು ಬರೆದು, ಕೆಲಸ ಅಷ್ಟಕ್ಕೇ ನಿಂತಿತ್ತು. ರಸ್ತೆ ಚರಂಡಿ ಮಾಡುವುದು ಮುಂದಿನ ಬೇಸಿಗೆಗೆ, ಅಲ್ಲಿಯವರೆಗೆ ಏನಾದರೂ ಬೆಳೆದುಕೊಳ್ಳಿ ಎಂದು ಜಮೀನಿನವರು ಒಪ್ಪಿದ್ದರು.

ಸೋಯಾ ನಮ್ಮ ಕಡೆಯ ಬೆಳೆಯಲ್ಲ, ಬಡಗಣ ಜಿಲ್ಲೆಗಳದ್ದು. ಬಿತ್ತನೆ ಬೀಜ ತಯಾರಿಸುವ ಒಂದು ಸಂಸ್ಥೆಯವರು ಹೊಸ ಜಾಗದಲ್ಲಿ ಬೆಳೆಸಿ ನೋಡಲು ಆಸಕ್ತರನ್ನು ಹುಡುಕಿಕೊಂಡು ಬಂದಿದ್ದರು. ಬೀಜ ಅವರ ಪರೀಕ್ಷೆಯಲ್ಲಿ ಪಾಸಾದರೆ ಮುಂದಿನ ವರ್ಷದಿಂದ ಅತ್ತೆಯನ್ನು ಕಾಯಂ ಬೆಳೆಗಾರರ ಪಟ್ಟಿಗೆ ಸೇರಿಸಿಕೊಳ್ಳುತ್ತಾರೆ, ಜಮೀನನ್ನೂ ಅವರೇ ಗೊತ್ತು ಮಾಡಿಕೊಡುತ್ತಾರೆ. ಇದು ಮಾತು. ಅತ್ತೆಯ ಮಗ ಲೋಕೇಶನಿಗೆ ಹಿನಕಲ್ ಮುಖ್ಯರಸ್ತೆಯಲ್ಲಿ ಜೆರಾಕ್ಸ್ ಅಂಗಡಿ. ಅಮ್ಮ ಇನ್ನು ಬಿಸಿಲಿಗೆ ಹೋಗುವುದು ಸಾಕು, ಅಂಗಡಿಯಲ್ಲಿ ಫ್ಯಾನಿನ ಕೆಳಗೆ ಕೂರಲಿ ಎಂದು ಅವನ ಹಟ. ಕೊನೆಗೆ ತಾಯಿ ಮಗನ ನಡುವೆ ಒಂದು ಒಪ್ಪಂದವಾಯಿತು. ನಮ್ಮೆಲ್ಲರ ಎದುರಿಗೇ ಆದದ್ದು.

“ಬೀಜ ಪಾಸಾದ್ರೆ ನನ್ನ ಪಾಡಿಗೆ ನನ್ನ ಬುಟ್ಬುಡ್ಬೇಕು. ಫೇಲಾದ್ರೆ ಬತ್ತೀನಿ ಕಣಪ್ಪ ನಿನ್ನಂಗಡಿಗೆ, ಆಧಾರ್ ಕಾರ್ಡು ಜೆರಾಕ್ಸ್ ತಕ್ಕೊಟ್ಕಂಡು ಕೂತಿರ್ತೀನಿ.”

“ಎರಡೂ ಮಗ್ಗುಲು ಒಂದೇ ಹಾಳೇಲಿ ಬರ್ಬೇಕು ಕಣವ್ವ,” ಅಂದ ಲೋಕೇಶ.

“ನೋಡಿದ್ಯಾ, ಈಗ್ಲೇ ಕೆಲ್ಸ ಕಲಿಸ್ತಾವ್ನೆ!”

ಎಲ್ಲರೂ ನಕ್ಕೆವು. ಆದರೆ ಅತ್ತೆ ಮಾತು ಕೊಟ್ಟರೆ ಹಿಂದೆ ತೆಗೆದುಕೊಳ್ಳುವವರಲ್ಲ ಎಂದು ಲೋಕೇಶನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಗಿಡ ಚೆನ್ನಾಗಿಯೇ ಬಂತು. ದಸರೆಯ ಹೊತ್ತಿಗೆ ಎಲೆಯೆಲ್ಲ ಉದುರಿ ಕಡ್ಡಿಯ ಮೇಲೆ ಬರೀ ಕಾಯಿ ಉಳಿದವು. ಗಿಡ ಅಲ್ಲಾಡಿಸಿದರೆ ಗೆಜ್ಜೆಯ ಹಾಗೆ ಸದ್ದು. ಈ ಹಂತದಲ್ಲಿ ಸೋಯಾ ಕಾಯುವುದಿಲ್ಲ. ಬಿಸಿಲು ಹೆಚ್ಚಾದರೆ ಕಾಯಿ ತಾನಾಗಿ ಸಿಡಿದು ಕಾಳು ನೆಲಕ್ಕೆ ಬೀಳುತ್ತದೆ, ಮಳೆ ಬಿದ್ದರೆ ಕಾಯಿಯೊಳಗೇ ಕಪ್ಪಾಗುತ್ತದೆ. ಕೈಯಲ್ಲಿ ಕೊಯ್ಯೋಣವೆಂದರೆ ಅಷ್ಟು ಜನ ಎಲ್ಲಿ ಸಿಗಬೇಕು? ಇಲವಾಲದ ಹೆಂಗಸರೆಲ್ಲ ಬೆಳಿಗ್ಗೆ ಬಸ್ಸು ಹತ್ತಿ ಪೇಟೆಯ ಕೆಲಸಕ್ಕೆ ಹೋಗುವವರು. ಅತ್ತೆಗೆ ಸಿಕ್ಕವರು ನಾಲ್ಕೇ ಜನ. ಹಾಗಾಗಿ ನಾನೇ ಹೇಳಿದೆ, ಭತ್ತದ ಕೊಯ್ಲಿಗೆ ಇನ್ನೂ ಹೊತ್ತಿದೆ, ನಮ್ಮ ಕಂಬೈನ್ ಸುಮ್ಮನೆ ನಿಂತಿದೆ, ಸೋಯಾಕ್ಕೂ ಆಗುತ್ತದೆ ಎಂದು. ಯಂತ್ರದ ಜೊತೆ ಬಂದ ಪುಸ್ತಕದಲ್ಲಿ ಹಾಗೆಯೇ ಬರೆದಿತ್ತು.

ಆಯುಧಪೂಜೆಗೆ ಎರಡು ದಿನ ಮೊದಲು ಮಾದೇವಣ್ಣ ಕಂಬೈನನ್ನು ತೊಳೆದರು. ತೊಳೆದ ಮೇಲೆ ಬಣ್ಣ ತಂದರು. ಹಳೆಯ ಯಂತ್ರ ಹೊಸ ಮದುವಣಗಿತ್ತಿಯ ಹಾಗೆ ನೀಲಿಯಾಗಿ ಹೊಳೆಯಿತು. ಪೂಜೆಯ ದಿನ ಸ್ಪ್ಯಾನರು, ಸುತ್ತಿಗೆ, ವೆಲ್ಡಿಂಗ್ ಯಂತ್ರ ಎಲ್ಲದಕ್ಕೂ ವಿಭೂತಿ ಎಳೆದು ಕುಂಕುಮ ಇಟ್ಟೆವು. ಕಂಬೈನಿಗೆ ಎರಡು ಬಾಳೆಕಂದು, ಸೇವಂತಿಗೆ ಹಾರ, ಗಾಲಿಗಳ ಕೆಳಗೆ ನಿಂಬೆಹಣ್ಣು.

ವಿಜಯದಶಮಿಯ ಮಾರನೆಯ ದಿನ ಬೆಳಕು ಹರಿಯುವಾಗ ರಿಂಗ್ ರೋಡಿಗೆ ಇಳಿದೆವು. ದೀಪಾಲಂಕಾರದ ಬಲ್ಬುಗಳು ಇನ್ನೂ ಕಂಬಗಳಲ್ಲಿ ತೂಗುತ್ತಿದ್ದವು. ದಸರೆ ನೋಡಿ ಊರಿಗೆ ಹೊರಟ ಬಸ್ಸುಗಳ ಕಿಟಕಿಯಲ್ಲಿ ನಿದ್ದೆಗಣ್ಣಿನ ಮಕ್ಕಳು ನಮ್ಮ ಬಾಳೆಕಂದಿನ ಯಂತ್ರಕ್ಕೆ ಕೈ ಬೀಸಿದರು. ಮಾದೇವಣ್ಣ ಗಂಭೀರವಾಗಿ ತಲೆಯಾಡಿಸುತ್ತಾ ಹೋದರು. ನಾನು ಸ್ಕೂಟರಿನಲ್ಲಿ ಹಿಂದೆ.

ಹೊಲದಲ್ಲಿ ಅತ್ತೆ ಮತ್ತು ಆ ನಾಲ್ವರು ಆಗಲೇ ಕೆಲಸ ಹಿಡಿದಿದ್ದರು. ಸೈಟು ಕಲ್ಲುಗಳು ಗಿಡದ ಎತ್ತರಕ್ಕಿಂತ ಕೆಳಗೆ, ಯಂತ್ರದ ಮೇಲಿನಿಂದ ಕಾಣುವುದಿಲ್ಲ. ಕಟರಿನ ಬಾಯಿಗೆ ಒಂದು ಕಲ್ಲು ಸಿಕ್ಕರೆ ಅಲ್ಲಿಗೆ ಮುಗಿಯಿತು. ಅದಕ್ಕೇ ಪ್ರತಿ ಕಲ್ಲಿನ ಪಕ್ಕ ಒಂದು ಉದ್ದ ಕಡ್ಡಿ ನೆಟ್ಟು ತುದಿಗೆ ಬಿಳಿ ಪ್ಲಾಸ್ಟಿಕ್ ಕಟ್ಟಿದ್ದರು. ಕಲ್ಲಿನ ಸಾಲಿನ ಗಿಡಗಳನ್ನು ಕುಡುಗೋಲಿನಲ್ಲಿ ಕೊಯ್ಯುವುದು, ನಡುವಿನ ಪಟ್ಟಿ ಯಂತ್ರಕ್ಕೆ. ಮಾತೂ ಸೈಟಿನ ಲೆಕ್ಕದಲ್ಲೇ ನಡೆಯುತ್ತಿತ್ತು.

“ಹದಿನೆಂಟನೇ ಸೈಟಲ್ಲಿ ಕಾಯಿ ದಪ್ಪ ಐತೆ ಕಣಕ್ಕ.”

“ಮೂಲೆ ಸೈಟಲ್ವಾ, ಗಾಳಿ ಬೆಳಕು ಜಾಸ್ತಿ.”

ಬೈಕಿನಲ್ಲಿ ಹೋಗುತ್ತಿದ್ದ ಒಬ್ಬರು ನಿಲ್ಲಿಸಿ, “ಅಮ್ಮಾ, ಸೈಟ್ ಏನಾದ್ರೂ ಕೊಡ್ತಾರಾ ಇಲ್ಲಿ? ಪೂರ್ವಕ್ಕೆ ಮುಖ ಇರೋದು,” ಎಂದು ಕೇಳಿದರು.

“ಕೊಡ್ತಾರೆ ಬನ್ನಿ,” ಅಂದರು ಅತ್ತೆ. “ಒಂದು ಕುಡ್ಲು ತಕ್ಕೊಳಿ, ನಿಮ್ ಸೈಟ್ ನೀವೇ ಕುಯ್ಕೊಳಿ.”

ಇಬ್ಬನಿ ಆರುವವರೆಗೆ ಕಾದೆವು. ಒದ್ದೆ ಕಾಯಿ ಡ್ರಮ್ಮಿನಲ್ಲಿ ಬಿಡಿಸಿಕೊಳ್ಳುವುದಿಲ್ಲ. ಬಿಸಿಲು ಏರಿದ ಮೇಲೆ ಮಾದೇವಣ್ಣ ಚಪ್ಪಲಿ ಬಿಟ್ಟು, ಸ್ಟೀರಿಂಗಿಗೆ ಕೈ ಮುಗಿದು, ಮೊದಲ ಪಟ್ಟಿಗೆ ಇಳಿಸಿದರು. ಯಂತ್ರ ಆ ತುದಿ ಮುಟ್ಟಿ ನಿಂತಿತು. ಅತ್ತೆ ಹಿಂದಿನಿಂದ ನಡೆದುಕೊಂಡು ಹೋಗಿ ಬಗ್ಗಿ ಒಂದು ಕೂಳೆ ಕಿತ್ತರು. ಬುಡದ ಗೇಣುದ್ದದ ಕಡ್ಡಿಯಲ್ಲಿ ನಾಲ್ಕು ಕಾಯಿ ಹಾಗೇ ಇದ್ದವು. ಪಕ್ಕದ ಕೂಳೆಯಲ್ಲಿ ಐದು.

“ಮಾದೇವಪ್ಪ, ನೀನು ತಲೆ ಕೂದ್ಲು ಕತ್ತರಿಸ್ಬುಟ್ಟು ಬಂದ್ಬುಟ್ಟೆ. ಕಾಯಿ ಗಡ್ಡದಲ್ಲಿ ಐತೆ.”

ಭತ್ತದ ತೆನೆ ಮೇಲಿರುತ್ತದೆ, ಬಾಯಿಯನ್ನು ಎತ್ತಿ ಹಿಡಿದರೆ ಸಾಕು. ಸೋಯಾದ ಕಾಯಿ ನೆಲದಿಂದಲೇ ಶುರು. ಬಾಯಿ ಇಳಿಸಬೇಕು ಎಂದೆ ನಾನು. ಮಾದೇವಣ್ಣ ಪ್ಲಾಸ್ಟಿಕ್ ಬಾವುಟಗಳ ಕಡೆ ನೋಡಿದರು. “ಇಳ್ಸು ಇಳ್ಸು ಅಂತೀರಿ ಮೇಡಮ್ಮೋರೆ. ಒಂದು ಕಲ್ಲು ತಗುಲಿದ್ರೆ ಹಲ್ಲೆಲ್ಲ ಉದ್ರೋಯ್ತದೆ, ನನ್ನವಲ್ಲ, ಇವಳವು.” ಕೊನೆಗೆ ಅತ್ತೆಯೇ ಯಂತ್ರದ ಮುಂದೆ, ಸಾಕಷ್ಟು ದೂರದಲ್ಲಿ, ಹಿಂದು ಹಿಂದಾಗಿ ನಡೆಯುತ್ತಾ ಎಡಕ್ಕೆ ಬಲಕ್ಕೆ ಎಂದು ಕೈ ತೋರಿಸಿದರು. ಬಾಯಿ ನೆಲಕ್ಕೆ ತಾಗುವಷ್ಟು ಇಳಿಯಿತು, ಯಂತ್ರ ಆಮೆಯಂತೆ ನಡೆಯಿತು. ಈ ಸಲ ಕೂಳೆಯಲ್ಲಿ ಕಾಯಿ ಉಳಿಯಲಿಲ್ಲ.

ಕೆಲಸ ಸರಿಹೋಯಿತು ಎಂದುಕೊಂಡು ನಾನು ಏಣಿ ಹತ್ತಿ ತೊಟ್ಟಿಯೊಳಗೆ ಕೈ ಹಾಕಿದೆ. ಒಂದು ಹಿಡಿ ಕಾಳು ತೆಗೆದು ಬಿಸಿಲಿಗೆ ಹಿಡಿದರೆ ಬೇಳೆ. ಅರ್ಧಕ್ಕರ್ಧ ಅಲ್ಲದಿದ್ದರೂ ಕಣ್ಣಿಗೆ ಹೊಡೆಯುವಷ್ಟು ಬೇಳೆ. ಇಳಿದು ಟವೆಲ್ಲಿನ ಮೇಲೆ ನೂರು ಕಾಳು ಎಣಿಸಿ ಹರಡಿದೆ. ಒಡೆದದ್ದು, ಸಿಪ್ಪೆ ಬಿರಿದದ್ದು ಸೇರಿ ಇಪ್ಪತ್ತಾರು.

ಎಣ್ಣೆ ಗಾಣಕ್ಕಾದರೆ ಇದು ನಡೆಯುತ್ತದೆ. ಬೀಜಕ್ಕೆ ನಡೆಯುವುದಿಲ್ಲ. ಸೋಯಾದ ಸಿಪ್ಪೆ ಈರುಳ್ಳಿಯ ಒಳಪೊರೆಯಷ್ಟು ತೆಳು, ಮೊಳಕೆ ಅದರ ಅಂಚಿಗೇ ಅಂಟಿಕೊಂಡಿರುತ್ತದೆ. ಬಲವಾಗಿ ಒಂದು ಏಟು ಬಿದ್ದರೆ ಹೊರಗಿನಿಂದ ಇಡಿಯಾಗಿ ಕಂಡ ಕಾಳೂ ಮೊಳೆಯುವುದಿಲ್ಲ. ನೂರು ಬೀಜ ಹಾಕಿದರೆ ಎಪ್ಪತ್ತಾದರೂ ಮೊಳೆಯಬೇಕು ಎಂಬುದು ಪರೀಕ್ಷೆಯ ನಿಯಮ. ಅತ್ತೆ ಟವೆಲ್ಲಿನ ಪಕ್ಕ ಕುಕ್ಕರಗಾಲಲ್ಲಿ ಕೂತು ಒಡೆದ ಬೇಳೆಯೊಂದನ್ನು ಬೆರಳಿನಿಂದ ಹೊರಳಿಸಿದರು.

“ಇದು ಸಾರಿಗಾಯ್ತದೆ ಅಮ್ಮಣ್ಣಿ, ಬಿತ್ತಕ್ಕಾಗಲ್ಲ.”

ಡ್ರಮ್ಮು ಜೋರಾಗಿ ತಿರುಗುತ್ತಿದೆ ಎಂಬುದು ನನಗೂ ಹೊಳೆದಿತ್ತು, ಮಾದೇವಣ್ಣನಿಗೂ ಹೊಳೆದಿತ್ತು. ನಾನು ಡೈರಿ ತೆರೆದು ಪುಸ್ತಕದಿಂದ ಬರೆದುಕೊಂಡಿದ್ದನ್ನು ನೋಡಿ, ಯಾವುದರಿಂದ ಶುರು ಮಾಡೋಣ ಎಂದು ಕೇಳಲು ಹಿಂತಿರುಗುವಷ್ಟರಲ್ಲಿ ಅವರು ಡ್ರಮ್ಮಿನ ವೇಗ ಇಳಿಸಿ, ಅದರ ಕೆಳಗೆ ಕಾಯಿ ಉಜ್ಜಿ ಬಿಡಿಸುವ ಸರಳುಗಳ ತೊಟ್ಟಿಲನ್ನು ದೂರ ಸರಿಸಿ, ಫ್ಯಾನಿನ ಗಾಳಿಯನ್ನೂ ಕಡಿಮೆ ಮಾಡಿಬಿಟ್ಟಿದ್ದರು. ಈಗ ಒಡೆದ ಕಾಳು ಕಡಿಮೆಯಾಯಿತು, ನಿಜ. ಆದರೆ ಹಿಂದೆ ಬಿದ್ದ ಹುಲ್ಲಿನಲ್ಲಿ ಬಾಯಿ ಬಿಡದ ಕಾಯಿಗಳು ಹಾಗೇ ಹೋಗುತ್ತಿದ್ದವು.

“ಮಾದೇವಣ್ಣ, ಮೂರೂ ಒಟ್ಟಿಗೆ ತಿರುಗ್ಸಿದ್ರೆ ಯಾವುದ್ರಿಂದ ಏನಾಯ್ತು ಅಂತ ಹೆಂಗೆ ಗೊತ್ತಾಗುತ್ತೆ?”

“ಗೊತ್ತಾಗಿ ಏನಾಗ್ಬೇಕು? ಸರಿಯಾದ್ರೆ ಆಯ್ತಲ್ಲ.”

“ಸರಿಯಾಗಿಲ್ವಲ್ಲ.”

“ಅದೂ ದಿಟವೇ,” ಅಂದರು. ಅವರ ಈ ಗುಣ ನನಗೆ ಇಷ್ಟ. ಸೋತರೆ ಮುಖ ಸಣ್ಣದು ಮಾಡಿಕೊಳ್ಳುವುದಿಲ್ಲ.

ಹಾಗಾದರೆ ತೊಟ್ಟಿಲನ್ನು ಮೊದಲಿದ್ದಲ್ಲಿಗೇ ತರೋಣ, ಒಂದೊಂದೇ ಬದಲಾಯಿಸುತ್ತಾ ಹೋಗೋಣ ಎಂದುಕೊಂಡು ಅದರ ಹಿಡಿಯ ಹತ್ತಿರ ಹೋದೆ. ಹಿಡಿ ಚಲಿಸುವ ತಗಡಿನ ಮೇಲೆ ಒಂದು, ಎರಡು, ಮೂರು ಎಂದು ಗುರುತು ಇರಬೇಕು. ಇರಲಿಲ್ಲ. ನುಣ್ಣನೆಯ ನೀಲಿ ಬಣ್ಣ, ಅದರ ಮೇಲೆ ಮೂರೆಳೆ ವಿಭೂತಿ, ನಡುವೆ ಕುಂಕುಮ. ಎಲ್ಲಿಂದ ಎಲ್ಲಿಗೆ ಸರಿಸಿದ್ದೇವೆ ಎಂದು ಹೇಳುವುದಕ್ಕೆ ಏನೂ ಉಳಿದಿರಲಿಲ್ಲ. ಮಾದೇವಣ್ಣ ತಮ್ಮ ಕೈಕೆಲಸವನ್ನು ಒಂದು ಗಳಿಗೆ ನೋಡಿ, “ನಂಬರು ಹಳೇದಾಗಿತ್ತು, ಕೊಳಕಾಗಿ ಕಾಣ್ತಿತ್ತು,” ಎಂದು ಗೊಣಗಿದರು.

ಗುರುತು ಹೋದರೆ ಹೊಸ ಗುರುತು ಮಾಡಬೇಕು. ಎಂಜಿನ್ ನಿಲ್ಲಿಸಿ, ತೊಟ್ಟಿಲನ್ನು ಡ್ರಮ್ಮಿಗೆ ಪೂರ್ತಿ ಒತ್ತುವವರೆಗೆ ತಂದು ಅದನ್ನೇ ಸೊನ್ನೆ ಎಂದು ಇಟ್ಟುಕೊಂಡೆವು. ಅಲ್ಲಿಂದ ಒಂದೊಂದು ಮೆಟ್ಟಿಲಿಗೆ ನಾನು ಮೊಳೆಯಿಂದ ಗೀರು ಹಾಕಿದೆ, ಕುಂಕುಮ ಬಿಟ್ಟು ಪಕ್ಕದಲ್ಲಿ. ಆಮೇಲೆ ಶುರುವಾಯಿತು ನನ್ನ ರೀತಿಯ ಕೆಲಸ: ಒಂದು ಬದಲಾವಣೆ, ಒಂದು ಸೈಟಿನಷ್ಟು ನಡೆಸುವುದು, ನಿಲ್ಲಿಸುವುದು, ಟವೆಲ್ಲು, ನೂರು ಕಾಳು. ಮಾದೇವಣ್ಣನಿಗೆ ಮೈಯೆಲ್ಲ ಉರಿ. “ಈ ನಡಿಗೇಲಿ ಮುಂದಿನ ದಸರಾಕ್ಕೆ ಮುಗೀತದೆ,” ಎಂದು ಪ್ರತಿ ಸಲ ಇಳಿಯುವಾಗಲೂ ಹೇಳಿದರು. ಆದರೆ ಪ್ರತಿ ಸಲವೂ ಇಳಿದರು. ಡೈರಿಯಲ್ಲಿ ಇಪ್ಪತ್ತಾರರ ಕೆಳಗೆ ಇಪ್ಪತ್ತು, ಅದರ ಕೆಳಗೆ ಹದಿನಾಲ್ಕು ಬಂತು. ಕಾಯಿಯೂ ಪೂರ್ತಿ ಬಿಡಿಸಿಕೊಳ್ಳುತ್ತಿತ್ತು. ಆದರೆ ಹದಿನಾಲ್ಕರಲ್ಲಿ ಲೆಕ್ಕ ನಿಂತುಬಿಟ್ಟಿತು. ಡ್ರಮ್ಮನ್ನು ಇನ್ನೂ ನಿಧಾನ ಮಾಡಿದರೂ ಅಷ್ಟೇ, ತೊಟ್ಟಿಲನ್ನು ಇನ್ನೂ ದೂರ ಸರಿಸಿದರೂ ಅಷ್ಟೇ. ಮಧ್ಯಾಹ್ನ ಬಿಸಿಲಿಗೆ ಕಾಳು ಮತ್ತಷ್ಟು ಒಣಗಿ ಹದಿನೆಂಟಕ್ಕೆ ಏರಿತು. ಅತ್ತೆ ನಿಲ್ಲಿಸಿ ಎಂದರು.

ಆ ದಿನ ಕೊಯ್ದದ್ದನ್ನು ಚೀಲಕ್ಕೆ ತುಂಬಿ ಬೇರೆಯೇ ಇಟ್ಟೆವು. ಅತ್ತೆ ಒಂದು ಕಲ್ಲಿನ ಮೇಲೆ ಕೂತರು. ತಂದ ಮುದ್ದೆ ಹಾಗೇ ಇತ್ತು. ಲೋಕೇಶ ಅಂಗಡಿ ಮುಚ್ಚಿಕೊಂಡು ಬಂದ. ಚೀಲಕ್ಕೆ ಕೈ ಹಾಕಿ ನೋಡಿದ. ಒಪ್ಪಂದದ ಮಾತು ಎತ್ತದೆ ಆಕಾಶದ ಕಡೆ ತಿರುಗಿದ.

“ಪಡುವಲಲ್ಲಿ ಮೋಡ ಕಟ್ತಾ ಐತೆ ಕಣವ್ವ. ನಾಳೆ ನಾನೂ ಬರ್ಲಾ?”

“ನೀನು ಬಂದು ಏನ್ ಮಾಡೀಯೆ?”

“ಚೀಲ ಹಿಡ್ಕತೀನಿ.”

“ಅಂಗಡಿ?”

“ನಾಳೆ ಒಂದಿನ ಯಾರಿಗೂ ಆಧಾರ್ ಬೇಡ ಬುಡು.”

ಅತ್ತೆ ಆಗ ಮುದ್ದೆ ಮುರಿದರು.

ರಾತ್ರಿ ನಾನು ಲೆಕ್ಕಗಳನ್ನೇ ನೋಡುತ್ತಾ ಕೂತೆ. ಡ್ರಮ್ಮಿನಿಂದ ಬೀಳುವ ಏಟು ಕಡಿಮೆಯಾಗಿದೆ, ಆದರೂ ಒಡೆಯುತ್ತಿದೆ. ಅಂದರೆ ಒಂದೇ ಕಾಳಿಗೆ ಎರಡು ಸಲ ಏಟು ಬೀಳುತ್ತಿರಬಹುದೇ? ಕಂಬೈನಿನಲ್ಲಿ ಅದಕ್ಕೊಂದು ದಾರಿಯಿದೆ. ಜರಡಿಯಿಂದ ಕೆಳಗಿಳಿಯದೆ ಉಳಿದ ಕಾಯಿಗಳು ಹಿಂಬದಿಯಲ್ಲಿ ಒಂದು ಕೊಳವೆಗೆ ಬಿದ್ದು, ಅಲ್ಲಿಂದ ಮತ್ತೆ ಡ್ರಮ್ಮಿಗೆ ಹೋಗುತ್ತವೆ, ಇನ್ನೊಮ್ಮೆ ಬಡಿಸಿಕೊಳ್ಳಲಿ ಎಂದು. ಆ ಕೊಳವೆಯಲ್ಲಿ ಇರಬೇಕಾದದ್ದು ಬಿಡಿಸದ ಕಾಯಿ ಮಾತ್ರ.

ಮಾರನೆಯ ಬೆಳಿಗ್ಗೆ ಇಬ್ಬನಿ ಆರಿದ ಮೇಲೆ ಒಂದು ಸೈಟಿನಷ್ಟು ನಡೆಸಿ, ತಟ್ಟನೆ ನಿಲ್ಲಿಸಿ, ಆ ಕೊಳವೆಯ ತಳದ ಮುಚ್ಚಳ ಬಿಚ್ಚಿದೆ. ದಪದಪ ಎಂದು ಕಾಳು ಸುರಿಯಿತು. ಕಾಯಿಯಲ್ಲ, ಚೊಕ್ಕವಾದ ಕಾಳು, ಬುಟ್ಟಿ ತುಂಬುವಷ್ಟು. ಇವೆಲ್ಲ ತೊಟ್ಟಿಗೆ ಹೋಗಬೇಕಾದವು, ಮತ್ತೆ ಡ್ರಮ್ಮಿನ ಬಾಯಿಗೆ ಹೊರಟಿದ್ದವು.

“ಜರಡಿ ಮುಚ್ಕೊಂಡಿದೆ ಮಾದೇವಣ್ಣ.”

“ಎಲ್ಲಿ ಮುಚ್ಕೊಂಡದೆ? ಹಿಡಿ ನೋಡಿ, ಪೂರಾ ತೆಗೆದಿವ್ನಿ.”

ಹಿಡಿ ನಿಜವಾಗಿ ಪೂರ್ತಿ ತೆರೆದ ಕಡೆಯೇ ಇತ್ತು. ನಾನು ಯಂತ್ರದ ಹಿಂಭಾಗದಿಂದ ತೆವಳಿ ಒಳಗೆ ಹೋಗಿ ಮೊಬೈಲಿನ ಬೆಳಕು ಹಾಕಿದೆ. ಜರಡಿ ಎಂದರೆ ಕಿಟಕಿಯ ಪಟ್ಟಿಗಳ ಹಾಗೆ ಸಾಲಾಗಿ ಜೋಡಿಸಿದ ತಗಡಿನ ಎಸಳುಗಳು. ಹಿಡಿ ಎಳೆದರೆ ಎಲ್ಲ ಒಟ್ಟಿಗೆ ತೆರೆದುಕೊಳ್ಳಬೇಕು. ಮುಂದಿನ ಒಂದಷ್ಟು ತೆರೆದಿದ್ದವು. ಉಳಿದವು ಒಂದಕ್ಕೊಂದು ಅಂಟಿಕೊಂಡು ಕಣ್ಣು ಮುಚ್ಚಿದ್ದವು. ಹಳೆಯ ಜರಡಿ, ಎಸಳುಗಳಿಗೂ ಹಿಡಿಗೂ ನಡುವಿನ ಹಿಡಿತ ಮೊದಲೇ ಸವೆದಿತ್ತು. ಈಗ ಅವುಗಳ ನಡುವೆ ತೆಳ್ಳಗೆ, ಹೊಳೆಯುತ್ತಾ, ನೀಲಿ ಬಣ್ಣ. ಅಲ್ಲೇ ಮಲಗಿಕೊಂಡು ಕೂಗಿದೆ.

“ಮಾದೇವಣ್ಣ, ಜರಡಿಗೂ ಬಣ್ಣ ಹೊಡೆದಿದ್ದೀರಾ?”

ಮಾದೇವಣ್ಣ ಯಂತ್ರದ ಹಿಂದಕ್ಕೆ ನಡೆದು ಬಂದ ಸದ್ದಾಯಿತು. ಆಮೇಲೆ ಉತ್ತರ ಬಂತು.

“ಹೊಡೀದೆ? ಹೊರಗೆ ಮಾತ್ರ ಚೆಂದ ಮಾಡಿ ಒಳಗೆ ತುಕ್ಕು ಬುಟ್ರೆ ಅದೆಂಥ ಪೂಜೆ?”

ನಾನು ಹೊರಗೆ ಬಂದಾಗ ಅವರು ಬಗ್ಗಿ ಜರಡಿಯ ಕಡೆ ಇಣುಕುತ್ತಿದ್ದರು. ಭತ್ತದ ಯಂತ್ರ ಓಡಿಸುವವರೆಲ್ಲ ಆಯುಧಪೂಜೆಗೆ ಬಣ್ಣ ಹೊಡೆಯುತ್ತಾರೆ, ಹೊರಮೈಗೆ. ಇವರೊಬ್ಬರು ಒಳಗೂ ಕೈಯಾಡಿಸಿದ್ದರು, ಭಕ್ತಿ ಜಾಸ್ತಿಯಾಗಿ. ಅತ್ತೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು. ಈಗ ಬೈಗುಳ ಸುರಿಯುತ್ತದೆ ಎಂದುಕೊಂಡೆ.

“ನಾನೂ ಮಹಾನವಮಿ ದಿನ ಈ ಹೊಲಕ್ಕೆ ಪೂಜೆ ಮಾಡ್ದೆ ಕಣಪ್ಪ,” ಅಂದರು ಅತ್ತೆ. “ಗಿಡಕ್ಕೆ ಬಣ್ಣ ಹೊಡೀಲಿಲ್ಲ ನೋಡು.”

ನಾಲ್ವರು ಹೆಂಗಸರಲ್ಲಿ ಒಬ್ಬರು ಕಿಸಕ್ಕನೆ ನಕ್ಕರು. ಲೋಕೇಶ ನಕ್ಕ. ಕಡೆಗೆ ಮಾದೇವಣ್ಣನೂ ನಕ್ಕರು, ಕಣ್ಣು ಒರೆಸಿಕೊಳ್ಳುತ್ತಾ. ಜರಡಿಯನ್ನು ಬಿಚ್ಚಿ ಹೊರಗೆಳೆದು ಟಾರ್ಪಾಲಿನ ಮೇಲೆ ಮಲಗಿಸಿದೆವು. ಬಣ್ಣ ಕೆರೆಯಲು ನಾನು ಕೈ ಹಾಕಿದಾಗ ಅವರು ತಡೆದರು. ಪೂಜೆಯಾದದ್ದನ್ನು ಕೆರೆಯುವುದು ತಮ್ಮ ಕೈಯಿಂದಲೇ ಆಗಬೇಕಂತೆ. ಜರಡಿಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು, “ತಪ್ಪು ತಿಳ್ಕೋಬ್ಯಾಡ ಕಣವ್ವ,” ಎಂದು ಅದಕ್ಕೆ ಹೇಳಿ ಮೊದಲ ಎಸಳನ್ನು ಅವರೇ ಬಿಡಿಸಿದರು. ಆಮೇಲೆ ಎಲ್ಲರೂ ಸುತ್ತ ಕೂತೆವು. ಕುಡುಗೋಲಿನ ಮೊನೆ, ಚಾಕು, ಸೀಮೆಎಣ್ಣೆ ಅದ್ದಿದ ಬಟ್ಟೆ, ಲೋಕೇಶನ ಕೈಯಲ್ಲಿ ಅಂಗಡಿಯ ಪೇಪರ್ ಕತ್ತರಿಸುವ ಬ್ಲೇಡು. ಅವರೆಕಾಯಿ ಬಿಡಿಸಲು ಕೂತ ಮನೆಯವರ ಹಾಗೆ ಕಾಣುತ್ತಿದ್ದೆವು. ಪಡುವಲ ಮೋಡ ಹತ್ತಿರ ಬರುತ್ತಿತ್ತು.

ಜರಡಿ ಕೂರಿಸಿ ಹಿಡಿ ಎಳೆದಾಗ ಅಷ್ಟೂ ಎಸಳುಗಳು ಒಟ್ಟಿಗೆ ಕಣ್ಣು ಬಿಟ್ಟವು. ಮಾದೇವಣ್ಣ ಚಪ್ಪಲಿ ಬಿಟ್ಟು ಹತ್ತಿದರು. ಒಂದು ಸೈಟಿನಷ್ಟು ಹೋಗಿ, ಈ ಸಲ ನಾನು ಹೇಳುವ ಮೊದಲೇ ನಿಲ್ಲಿಸಿ, ತಾವೇ ತೊಟ್ಟಿಯಿಂದ ಒಂದು ಹಿಡಿ ತಂದು ಟವೆಲ್ಲಿನ ಮೇಲೆ ಸುರಿದರು.

“ಎಣಿಸಿ ಶಾನುಭೋಗರೆ.”

ಮನೆಯ ಅಡ್ಡಹೆಸರು ಲೋಕೇಶನಿಂದ ಅವರಿಗೆ ತಲುಪಿತ್ತು. ಎಣಿಸಿದೆ. ಆರು. ಜರಡಿ ಈಗ ತೆರೆದಿದ್ದರಿಂದ ಕಾಳಿನ ಜೊತೆ ಹೊಟ್ಟೂ ಬರುತ್ತಿತ್ತು. ಫ್ಯಾನಿನ ಗಾಳಿ ಜಾಸ್ತಿ ಮಾಡಿ ಇನ್ನೊಂದು ಸೈಟು ನಡೆಸಿ ನೋಡಿದೆವು. ಹೊಟ್ಟು ಹೋಯಿತು, ಕಾಳು ಗುಂಡಗೆ ಹೊಂಬಣ್ಣವಾಗಿ ಉಳಿಯಿತು. ಕಾಯಿ ಮೊದಲ ಏಟಿಗೇ ಬಿಡಿಸಿಕೊಳ್ಳಲಿ, ಕೊಳವೆಯಿಂದ ಮತ್ತೆ ಡ್ರಮ್ಮಿಗೆ ಹೋಗುವುದು ತಪ್ಪಲಿ ಎಂದು, ನಿನ್ನೆ ಗಾಬರಿಯಲ್ಲಿ ತೀರಾ ದೂರ ಸರಿಸಿದ್ದ ತೊಟ್ಟಿಲನ್ನು ಒಂದು ಗೀರು ಹತ್ತಿರ ತಂದೆವು. ಮೂರು. ಅತ್ತೆ ನನ್ನ ಲೆಕ್ಕ ನಂಬದೆ ತಾವೇ ಇನ್ನೊಂದು ನೂರು ಎಣಿಸಿದರು. ಅವರಿಗೂ ಮೂರು.

“ಈಗ ಓಡ್ಸಪ್ಪ.”

ಮಧ್ಯಾಹ್ನದ ಒಣ ಹೊತ್ತು ಬಿಟ್ಟು ಉಳಿದ ಹೊತ್ತೆಲ್ಲ ಯಂತ್ರ ನಡೆಯಿತು. ಅತ್ತೆ ಮುಂದೆ ಹಿಮ್ಮುಖವಾಗಿ ನಡೆಯುತ್ತಾ ಕೈ ತೋರಿಸುತ್ತಿದ್ದರು, ಲೋಕೇಶ ಚೀಲ ಹಿಡಿಯುತ್ತಿದ್ದ. ಬಿಸಿಲು ಏರಿ ಲೆಕ್ಕ ಐದಕ್ಕೆ ಹೋದಾಗ ನಿಲ್ಲಿಸಿದೆವು, ಗಾಳಿ ತಂಪಾದಾಗ ಮತ್ತೆ ಶುರು. ಮೋಡ ನಮ್ಮ ನೆತ್ತಿಯ ಮೇಲೆ ಬಂದು, ಒಂದೆರಡು ಹನಿ ಉದುರಿಸಿ, ಮನಸ್ಸು ಬದಲಾಯಿಸಿ ಚಾಮುಂಡಿ ಬೆಟ್ಟದ ಕಡೆ ಹೋಯಿತು. ಅಲ್ಲಿ ಸುರಿಯುವುದು ಇಲ್ಲಿಂದ ಬೂದು ಪರದೆಯ ಹಾಗೆ ಕಾಣುತ್ತಿತ್ತು. ಕೊನೆಯ ಪಟ್ಟಿ ಮುಗಿದಾಗ ಹೊಲದಲ್ಲಿ ಉಳಿದದ್ದು ಕಲ್ಲುಗಳು, ಪ್ಲಾಸ್ಟಿಕ್ ಬಾವುಟಗಳು. ಆಗ ಮೊದಲ ಸಲ ಅದು ಲೇಔಟಿನ ಹಾಗೆ ಕಂಡಿತು.

ಸಂಸ್ಥೆಯವರು ಬಂದು ಎರಡೂ ದಿನದ ಚೀಲಗಳಿಂದ ಬೇರೆ ಬೇರೆಯಾಗಿ ಮಾದರಿ ತೆಗೆದುಕೊಂಡು ಹೋದರು. ಆಮೇಲೆ ಕಾಯುವುದು. ಆ ದಿನಗಳಲ್ಲಿ ಅತ್ತೆ ತಾವಾಗಿಯೇ ಅಂಗಡಿಗೆ ಹೋಗಿ ಕೂರತೊಡಗಿದ್ದರು. ಲೋಕೇಶ ಕರೆದಿರಲಿಲ್ಲ. “ಸುಮ್ನೆ ಮನೇಲಿ ಕೂತ್ರೆ ತಲೆ ಕೆಡ್ತದೆ,” ಎಂದರಂತೆ. ಆದರೆ ನನಗೆ ಅದು ಅವರು ಮನಸ್ಸನ್ನು ಸಿದ್ಧ ಮಾಡಿಕೊಳ್ಳುತ್ತಿರುವ ಹಾಗೆ ಕಂಡಿತು. ಹೊಲದಲ್ಲಿ ಇಪ್ಪತ್ತು ಆಳಿಗೆ ಕೇಳುವಂತೆ ಮಾತಾಡುವವರು ಅಂಗಡಿಯಲ್ಲಿ ಮೆಲ್ಲಗೆ ಮಾತಾಡುತ್ತಿದ್ದರು.

ಫೋನು ಬಂದ ದಿನ ನಾನು ಅಲ್ಲೇ ಇದ್ದೆ, ನನ್ನ ಅಂಕಪಟ್ಟಿಯ ಪ್ರತಿ ತೆಗೆಸಲು ಹೋಗಿದ್ದೆ. ಲೋಕೇಶ ಒಳಗೆ ಟೋನರ್ ಬದಲಾಯಿಸುತ್ತಿದ್ದ. ಗಲ್ಲಾದ ಮುಂದೆ ಒಬ್ಬ ಹಿರಿಯರು ಪಿಂಚಣಿಯ ಕಾಗದ ಹಿಡಿದು ನಿಂತಿದ್ದರು. ಅತ್ತೆ ಫೋನನ್ನು ಸ್ಪೀಕರಿಗೆ ಹಾಕಿ ಗಾಜಿನ ಮೇಲಿಟ್ಟರು.

“ಪುಟ್ಟತಾಯಮ್ಮನವರಾ? ಎರಡು ಲಾಟ್ ಇತ್ತಲ್ಲಮ್ಮ. ಮೊದಲನೇದು ಆಗ್ಲಿಲ್ಲ. ನೂರಕ್ಕೆ ನಲವತ್ನಾಲ್ಕು ಮೊಳ್ತಿವೆ ಅಷ್ಟೇ. ಅದನ್ನ ಬೀಜಕ್ಕೆ ತಗೊಳಕ್ಕಾಗಲ್ಲ.”

ಅತ್ತೆ “ಊಂ” ಅಂದರು. ಒಳಗೆ ಟೋನರಿನ ಸದ್ದು ನಿಂತಿತು.

“ಎರಡನೇದು ಪಾಸು. ಎಂಬತ್ತೊಂದು.”

ಲೋಕೇಶ ಬಾಗಿಲಿಗೆ ಬಂದು ನಿಂತಿದ್ದ, ಬೆರಳೆಲ್ಲ ಕಪ್ಪು. ನಾನು ಅತ್ತೆಯ ಮುಖ ನೋಡುತ್ತಿದ್ದೆ. ಪಿಂಚಣಿಯ ಹಿರಿಯರಿಗೆ ಏನೆಂದು ಗೊತ್ತಿಲ್ಲದಿದ್ದರೂ ಒಳ್ಳೆಯ ಸುದ್ದಿ ಎಂದು ಗೊತ್ತಾಗಿ ಅವರೂ ಮುಗುಳ್ನಗುತ್ತಿದ್ದರು. ಅತ್ತೆ ಮಾತ್ರ ನಗಲಿಲ್ಲ. ಫೋನಿನ ಕಡೆ ಬಗ್ಗಿದರು.

“ಸಾರ್, ಉಳಿದ ಹತ್ತೊಂಬತ್ತು ಯಾಕೆ ಮೊಳೀಲಿಲ್ಲ?”

ಆ ಕಡೆಯವರು ನಕ್ಕು, “ಪಾಸಾಗಿದೆಯಲ್ಲಮ್ಮ, ಇನ್ನೇನು?” ಅಂದರು.

“ಪಾಸಾಗಿದ್ದು ಕೇಳಿಸ್ತು ಸಾರ್. ಆ ಹತ್ತೊಂಬತ್ತು ಏಟು ತಿಂದು ಸತ್ವಾ, ಇಲ್ಲ ಹೊಲದಲ್ಲೇ ಬಲೀದೆ ಉಳ್ಕಂಡಿದ್ವಾ? ಅದು ಗೊತ್ತಾಗ್ಬೇಕು. ಬಿತ್ತೋ ಮುಂಚೆ ಗೊತ್ತಾದ್ರೆ ಒಳ್ಳೇದು.” ಅವರ ದನಿ ಏರಿತ್ತು. ರಸ್ತೆಯಾಚೆಗೂ ಕೇಳುವಂಥ ಹೊಲದ ದನಿ. ಸ್ಪೀಕರು ಆರಿಸಿ, ಫೋನನ್ನು ಕಿವಿಗೊತ್ತಿಕೊಂಡು, ಒಳ್ಳೆಯ ನೆಲ ಯಾವ ಕಡೆ ಇದೆ, ನೀರು ನಿಲ್ಲುತ್ತದೆಯೇ ಎಂದು ಕೇಳುತ್ತಾ ಕುರ್ಚಿಯಿಂದ ಎದ್ದು ಅಂಗಡಿಯ ಮೆಟ್ಟಿಲಿಳಿದು ಹೋದರು.

ಲೋಕೇಶ ಕೈ ಒರೆಸಿಕೊಂಡು ಬಂದು ಆ ಕುರ್ಚಿಯಲ್ಲಿ ಕೂತ. “ಕೊಡಿ ಸಾರ್,” ಎಂದು ಪಿಂಚಣಿಯ ಕಾಗದಕ್ಕೆ ಕೈ ಚಾಚಿದ. “ಎಷ್ಟು ಕಾಪಿ?”